ಮೈಸೂರಿನ ಅಧಿಕಾರಿವರ್ಗವೂ ನಿಷ್ಪಕ್ಷಪಾತದ ಐತಿಹ್ಯವೂ

ಹಳೆಯ ಮೈಸೂರಿನ ಆಡಳಿತವನ್ನು ಕುರಿತ ಬರಹಗಳಲ್ಲಿ ಒಂದು ನಂಬಿಕೆ ಬಹುಕಾಲದಿಂದ ನೆಲೆಯೂರಿ ನಿಂತಿದೆ. ದಿವಾನರ ಕಾಲದಲ್ಲಿ ಅಧಿಕಾರಿಗಳು ಯಾರ ಮುಲಾಜಿಗೂ ಒಳಗಾಗದೆ ನ್ಯಾಯವಾಗಿ ನಡೆದುಕೊಳ್ಳುತ್ತಿದ್ದರು, ಮತದ ರಾಜಕೀಯ ಬಂದಮೇಲೆ ಆ ಗುಣ ಕೆಟ್ಟಿತು ಎಂಬುದೇ ಅದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ವಯಸ್ಸಾದವರ ಬಾಯಿಂದ ಈ ಮಾತನ್ನು ಈಗಲೂ ಕೇಳಬಹುದು. ನಮ್ಮ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆಯುವ ಉತ್ತರಗಳಲ್ಲಿಯೂ ಇದೇ ಮಾತು ಸ್ವಲ್ಪ ಸಂಸ್ಕೃತದ ಲೇಪ ಪಡೆದು ಮರಳಿ ಬರುತ್ತದೆ. ಈ ನಂಬಿಕೆಗೆ ಆಧಾರವೆಷ್ಟು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಮೇಲು. ಮೈಸೂರಿನ ಅಧಿಕಾರಿವರ್ಗವನ್ನು ಕುರಿತು ಬರೆದವರು ಸೇವೆಗೆ ಸೇರುವವರು ಯಾರು ಎಂಬ ಪ್ರಶ್ನೆಗೇ ಗಮನವನ್ನೆಲ್ಲ ಕೊಟ್ಟರು. ಸೇರಿದವನನ್ನು ಎಲ್ಲಿಗೆ, ಯಾವಾಗ, ಯಾರ ಮಾತಿನ ಮೇಲೆ ಕಳುಹಿಸಲಾಗುತ್ತದೆ ಎಂಬ ಪ್ರಶ್ನೆಯನ್ನು ಬಹುಮಟ್ಟಿಗೆ ಕೈಬಿಟ್ಟರು. ರಾಜಕೀಯದ ಕೈ ಅಧಿಕಾರಿಯನ್ನು ಹಿಡಿಯುವುದು ಈ ಎರಡನೆಯ ಕಡೆಯಿಂದ.

ನಂಬಿಕೆಯ ಮೂಲವನ್ನು ಅರಸುತ್ತ ಹೋದರೆ ನಾವು ತಲುಪುವುದು ಸರ್ಕಾರದ ಕಡತಗಳನ್ನಲ್ಲ, ನೆನಪಿನ ಬರಹಗಳನ್ನು. ಡಿ. ವಿ. ಗುಂಡಪ್ಪನವರ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ಮೈಸೂರಿನ ದಿವಾನರಿಗೇ ಮೀಸಲಾದ ಸಂಪುಟವೊಂದಿದೆ. ನವರತ್ನ ರಾಮರಾಯರ ‘ಕೆಲವು ನೆನಪುಗಳು’ ಅಮಲ್ದಾರರಾಗಿದ್ದವರೊಬ್ಬರು ತಮ್ಮ ಸೇವಾಕಾಲವನ್ನು ನೆನೆದು ಬರೆದ ಪುಸ್ತಕ. ಕನ್ನಡ ಗದ್ಯದ ಉತ್ತಮ ಕೃತಿಗಳಲ್ಲಿ ಅದೊಂದು ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಗದ್ಯದ ಸೊಗಸನ್ನು ಸಾಕ್ಷ್ಯದ ಬಲವೆಂದು ಎಣಿಸಬಾರದು. ಅಧಿಕಾರಿಯ ನೆನಪಿನಲ್ಲಿ ರೈತನು ಕಾಣಿಸಿಕೊಳ್ಳುವುದು ಅಧಿಕಾರಿಯ ಕಣ್ಣಿಗೆ ಬಿದ್ದಷ್ಟು ಮಾತ್ರ. ಮೊಕ್ಕಾಮಿನವರೆಗೆ ಬರಲಾರದೆ ಹಳ್ಳಿಯಲ್ಲಿಯೇ ಉಳಿದವನ ಅಹವಾಲು ಅಲ್ಲಿ ಇರಲಾರದು. ಇನ್ನೊಂದು ಮಾತು: ಇಂತಹ ಪುಸ್ತಕಗಳನ್ನು ಬರೆದವರು ಸಜ್ಜನರಾದ ಅಧಿಕಾರಿಗಳು. ಸಜ್ಜನರಲ್ಲದವರು ನೆನಪುಗಳನ್ನು ಬರೆಯುವ ಗೋಜಿಗೆ ಹೋಗಲಿಲ್ಲ.

ಅದೇ ಪೀಳಿಗೆಯವರ ಜೀವನದಲ್ಲಿ ಈ ನಂಬಿಕೆಗೆ ವಿರುದ್ಧವಾದ ಸಾಕ್ಷ್ಯವೂ ದೊರೆಯುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1914ರಲ್ಲಿ ಮೈಸೂರು ಸಿವಿಲ್ ಸರ್ವಿಸಿಗೆ ಸೇರಿ, 1943ರಲ್ಲಿ ತಮಗಿಂತ ಕಿರಿಯರೊಬ್ಬರನ್ನು ಮೇಲಿನ ಸ್ಥಾನಕ್ಕೆ ಏರಿಸಿದುದನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟರೆಂಬುದು ಕನ್ನಡದ ಓದುಗರೆಲ್ಲರಿಗೂ ತಿಳಿದ ಸಂಗತಿ. ಆಗ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರವಿನ್ನೂ ಬಂದಿರಲಿಲ್ಲ. ಮತದಾರರಿಗೆ ಉತ್ತರ ಹೇಳಬೇಕಾದ ಮಂತ್ರಿಮಂಡಲವೂ ಇರಲಿಲ್ಲ. ಆದರೂ ಹಿರಿತನವನ್ನು ದಾಟಿ ಸ್ಥಾನ ಕೊಡುವುದಕ್ಕೆ ಅಡ್ಡಿಯಾಗಲಿಲ್ಲ. ಅಧಿಕಾರಿಯ ಏಳಿಗೆ ಮೇಲಿನವರ ಇಚ್ಛೆಯನ್ನು ಅವಲಂಬಿಸಿದ್ದ ಸ್ಥಿತಿ ಚುನಾವಣೆಗಿಂತ ಹಳೆಯದು. ಹಿಂದೆ ಅಂತಹ ಇಚ್ಛೆ ಒಂದೇ ಇತ್ತು, ರಾಜಧಾನಿಯಲ್ಲಿತ್ತು. ಮುಂದೆ ಅದು ತಾಲ್ಲೂಕಿಗೊಂದರಂತೆ ಆಯಿತು. ವ್ಯತ್ಯಾಸವಿರುವುದು ಇಷ್ಟರಲ್ಲಿ, ಮತ್ತು ಇದು ಸಣ್ಣ ವ್ಯತ್ಯಾಸವಲ್ಲ.

ಸಂಸ್ಥಾನದ ಸೇವೆ ತನ್ನ ಕಾಲಕ್ಕೆ ಹಿಂದುಳಿದುದಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ಸ್ಪರ್ಧಾಪರೀಕ್ಷೆಯ ಮೂಲಕ ನೌಕರರನ್ನು ಆರಿಸಬೇಕೆಂಬ ನಾರ್ತ್‌ಕೋಟ್-ಟ್ರೆವೆಲ್ಯನ್ ವರದಿ 1854ರದು. ಅಮೆರಿಕದಲ್ಲಿ ಗೆದ್ದ ಪಕ್ಷದವರು ತಮ್ಮವರಿಗೆ ನೌಕರಿ ಹಂಚುವ ಪದ್ಧತಿಗೆ ಕಡಿವಾಣ ಹಾಕಿದ ಪೆಂಡಲ್ಟನ್ ಕಾನೂನು 1883ರದು. ಅದೂ ನೌಕರಿ ಸಿಗದ ಒಬ್ಬನು 1881ರಲ್ಲಿ ಅಧ್ಯಕ್ಷ ಗಾರ್ಫೀಲ್ಡನಿಗೆ ಗುಂಡಿಕ್ಕಿದ ಬಳಿಕ. ಅದೇ 1881ರಲ್ಲಿ ಮೈಸೂರು ಒಡೆಯರ ಕೈಗೆ ಮರಳಿ, ರಂಗಾಚಾರ್ಲುರವರ ದಿವಾನಗಿರಿಯಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ಶೇಷಾದ್ರಿ ಅಯ್ಯರ್‌ರವರ ಕಾಲದಲ್ಲಿ, 1891ರಲ್ಲಿ, ಮೈಸೂರು ಸಿವಿಲ್ ಸರ್ವಿಸಿನ ಸ್ಪರ್ಧಾಪರೀಕ್ಷೆ ಬಂದಿತು. ಮದರಾಸಿನಿಂದ ಬಂದವರು ಹೆಚ್ಚೋ ಮೈಸೂರಿನವರು ಹೆಚ್ಚೋ ಎಂಬ ಜಗಳ ಆ ದಿನಗಳದೇ. ಸೇವೆಯನ್ನು ಕುರಿತ ಮೊದಲ ರಾಜಕೀಯ ವಿವಾದವೇ ಹೀಗೆ ಪ್ರವೇಶದ ಬಾಗಿಲಲ್ಲಿ ಹುಟ್ಟಿತು. ಮುಂದಿನ ಚರ್ಚೆಗಳೂ ಆ ಬಾಗಿಲನ್ನು ಬಿಟ್ಟು ಕದಲಲಿಲ್ಲ.

ಮಿಲ್ಲರ್ ಸಮಿತಿಯ ವರದಿಯನ್ನು ಈ ದೃಷ್ಟಿಯಿಂದ ಮತ್ತೆ ಓದುವುದು ಅವಶ್ಯ. ಪ್ರಜಾಮಿತ್ರ ಮಂಡಳಿ 1917ರಲ್ಲಿ ಹುಟ್ಟಿ, ಸರ್ಕಾರಿ ಸೇವೆಯಲ್ಲಿ ಬ್ರಾಹ್ಮಣೇತರರಿಗೆ ತಕ್ಕ ಸ್ಥಾನ ಬೇಕೆಂದು ಕೇಳಿತು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶರಾದ ಸರ್ ಲೆಸ್ಲಿ ಮಿಲ್ಲರ್‌ರವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಈ ನೀತಿಯನ್ನು ಒಪ್ಪದ ವಿಶ್ವೇಶ್ವರಯ್ಯನವರು ದಿವಾನಗಿರಿಯಿಂದ ಹಿಂದೆ ಸರಿದರು. ಕಾಂತರಾಜೇ ಅರಸಿನವರು ಆ ಸ್ಥಾನಕ್ಕೆ ಬಂದರು. 1919ರಲ್ಲಿ ಬಂದ ವರದಿ, ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಾಗದಂತೆ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಭಾಗಕ್ಕೆ ಕಡಿಮೆಯಾಗದಂತೆ ಹಿಂದುಳಿದ ಸಮುದಾಯಗಳವರು ಇರಬೇಕೆಂದು ಶಿಫಾರಸು ಮಾಡಿತು. ದಕ್ಷತೆಯೆಂದರೆ ಪುಸ್ತಕದ ವಿದ್ಯೆಯೊಂದೇ ಅಲ್ಲ, ಸಹಾನುಭೂತಿ, ಪ್ರಾಮಾಣಿಕತೆ, ವ್ಯವಹಾರಜ್ಞಾನಗಳೂ ಅದಕ್ಕೆ ಸೇರುತ್ತವೆ ಎಂಬುದು ಸಮಿತಿಯ ವಾದದ ತಿರುಳು.

ಈ ವಾದ ಸರಿಯೆಂದೇ ನಮ್ಮ ನಿರ್ಣಯ. ಒಂದು ಸಣ್ಣ ಸಮುದಾಯದವರೇ ಕಚೇರಿಯಲ್ಲಿ ತುಂಬಿರುವಾಗ ಹೊರಗಿನ ಉಳಿದವರೆಲ್ಲ ಆ ಕಚೇರಿಯನ್ನು ನಿಷ್ಪಕ್ಷಪಾತವೆಂದು ಹೇಗೆ ನಂಬಿಯಾರು? ವಿಶ್ವೇಶ್ವರಯ್ಯನವರು ದಕ್ಷತೆಗೆ ಕುಂದು ಬಂದೀತೆಂದು ಅಂಜಿದರು. ಪರೀಕ್ಷೆಯ ಅಂಕವನ್ನೂ ನ್ಯಾಯಬುದ್ಧಿಯನ್ನೂ ಅವರು ಒಂದೇ ತಕ್ಕಡಿಯಲ್ಲಿ ತೂಗಿದಂತೆ ಕಾಣುತ್ತದೆ. ಆದರೆ ಎರಡು ಪಕ್ಷದವರಿಗೂ ಸಮಾನವಾದ ಒಂದು ಕೊರತೆಯಿದೆ. ತಕ್ಕ ಜನ ಒಳಗೆ ಬಂದರೆ ಸೇವೆ ತಾನಾಗಿ ನ್ಯಾಯವಾಗುತ್ತದೆ ಎಂದು ಇಬ್ಬರೂ ನಂಬಿದ್ದರು; ತಕ್ಕ ಜನ ಯಾರೆಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯ. ಸಮಿತಿಗೆ ಒಪ್ಪಿಸಿದ ವಿಷಯವೇ ನೇಮಕದ ನಿಯಮ, ವಿದ್ಯಾಭ್ಯಾಸದ ಸೌಲಭ್ಯ, ಪ್ರಾತಿನಿಧ್ಯದ ಹೆಚ್ಚಳ ಇವಿಷ್ಟು. 1961ರ ನಾಗನಗೌಡ ಸಮಿತಿಯ ವರದಿಯಿಂದ 1975ರ ಹಾವನೂರ್ ಆಯೋಗದ ವರದಿಯವರೆಗೆ ಇದೇ ದಾರಿ ಮುಂದುವರಿಯಿತು. ಆ ದಾರಿ ಬೇಕಾದದ್ದೇ. ಆದರೆ ನಮ್ಮ ಇತಿಹಾಸ ಬರಹ ಅಷ್ಟಕ್ಕೇ ತೃಪ್ತಿಗೊಂಡಿತೆಂಬುದೇ ನಮ್ಮ ಆಕ್ಷೇಪಣೆ.

ಈಗ ಹಳ್ಳಿಗೆ ಬರೋಣ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳು ಸೇರಿ ಒಂದು ಕಂದಾಯ ಉಪವಿಭಾಗ. ಅದರ ಕಚೇರಿ ತಿಪಟೂರಿನಲ್ಲಿದೆ. ಇಲ್ಲಿಯ ರೈತನಿಗೆ ದಿವಾನರು ದಸರೆಯ ಸುದ್ದಿಯಲ್ಲಿ ಮಾತ್ರ ಗೋಚರರು. ಅಮಲ್ದಾರರು ಜಮಾಬಂದಿಗೆ ಬಂದಾಗ ಕಾಣುವವರು. ದಿನವೂ ಕಾಣುತ್ತಿದ್ದ ಸರ್ಕಾರವೆಂದರೆ ಶಾನುಭೋಗರು ಮತ್ತು ಪಟೇಲರು. ಜಮೀನು ಖುಷ್ಕಿಯೋ ತರಿಯೋ ಬಾಗಾಯ್ತೋ, ತೋಟದ ಬದು ಎಲ್ಲಿಯವರೆಗೆ, ಅನುಭವದಲ್ಲಿರುವವನು ಯಾರು ಎಂಬುದನ್ನೆಲ್ಲ ಬರೆದಿಡುತ್ತಿದ್ದುದು ಶಾನುಭೋಗರ ಲೇಖನಿ. ತೆಂಗಿನ ಸೀಮೆಯಲ್ಲಿ ಈ ಬರಹಕ್ಕೆ ಬೇರೆಡೆಗಿಂತ ಬೆಲೆ ಹೆಚ್ಚು. ರಾಗಿಯ ಹೊಲದಲ್ಲಿ ತಪ್ಪು ಬರೆದರೆ ಒಂದು ವರ್ಷದ ಬೆಳೆಯ ಜಗಳ. ತೆಂಗು ನೆಟ್ಟವನು ಮೊಮ್ಮಕ್ಕಳ ಕಾಲಕ್ಕೆ ನೆಟ್ಟಿರುತ್ತಾನೆ. ಅಲ್ಲಿಯ ತಪ್ಪು ಮೂರು ತಲೆಮಾರಿನ ವ್ಯಾಜ್ಯ.

ಶಾನುಭೋಗಿಕೆ ವಂಶಪಾರಂಪರ್ಯದ ಹಕ್ಕು, ಪಟೇಲಿಕೆಯೂ ಹಾಗೆಯೇ. ಮೊದಲನೆಯದು ಬಹುಮಟ್ಟಿಗೆ ಬ್ರಾಹ್ಮಣ ಮನೆತನಗಳಲ್ಲಿ, ಎರಡನೆಯದು ಊರಿನ ಪ್ರಬಲ ಒಕ್ಕಲು ಮನೆತನಗಳಲ್ಲಿ ಇಳಿದು ಬರುತ್ತಿತ್ತು. ಪೋಟಗಿ ಸಣ್ಣದು, ಅಧಿಕಾರ ದೊಡ್ಡದು. ಇವರನ್ನು ಯಾವ ರಾಜಕಾರಣಿಯೂ ನೇಮಿಸಿರಲಿಲ್ಲ, ಯಾವ ರಾಜಕಾರಣಿಯೂ ಎತ್ತಂಗಡಿ ಮಾಡಲಾರನು. ರಾಜಕೀಯದ ಪ್ರಭಾವವಿಲ್ಲದಿರುವುದೇ ನಿಷ್ಪಕ್ಷಪಾತವಾಗಿದ್ದರೆ ಇವರಷ್ಟು ನಿಷ್ಪಕ್ಷಪಾತಿಗಳು ಎಲ್ಲಿಯೂ ಇರಕೂಡದು. ವಾಸ್ತವವಾಗಿ ಶಾನುಭೋಗರು ಊರಿನ ಒಳಗಿನವರು: ಅವರಿಗೇ ಜಮೀನಿತ್ತು, ನೆಂಟಸ್ತಿಕೆಯಿತ್ತು, ಸಾಲದ ಲೇವಾದೇವಿಯಿತ್ತು, ಹಗೆಯೂ ಇತ್ತು. ಲೆಕ್ಕವನ್ನು ಊರಿಗೆಲ್ಲ ಅವರೊಬ್ಬರೇ ಬಲ್ಲರು. ಸತ್ಯವಂತ ಶಾನುಭೋಗರು ಅನೇಕರಿದ್ದರು. ಅದು ಅವರವರ ಗುಣ. ಸತ್ಯವಂತನಲ್ಲದವನು ಒದಗಿದರೆ ಊರಿಗೆ ಗತಿಯಿರಲಿಲ್ಲ. ಆತನ ಬಳಿಕ ಆತನ ಮಗ.

ದಿವಾನರ ಕಾಲದ ನ್ಯಾಯವನ್ನು ಹೊಗಳುವವರು ಈ ಮೆಟ್ಟಿಲನ್ನು ಎಣಿಕೆಗೆ ತೆಗೆದುಕೊಳ್ಳುವುದಿಲ್ಲ. ಜೇಮ್ಸ್ ಮೇನರ್‌ರವರು 1917ರಿಂದ 1955ರವರೆಗಿನ ಮೈಸೂರಿನ ರಾಜಕೀಯವನ್ನು ಕುರಿತು 1977ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ರಾಜಧಾನಿಯ ರಾಜಕೀಯವೂ ಹಳ್ಳಿಯ ರಾಜಕೀಯವೂ ಬಹುಕಾಲ ಬೇರೆಬೇರೆ ವಲಯಗಳಾಗಿದ್ದು ಸ್ವಾತಂತ್ರ್ಯದ ಆಸುಪಾಸಿನಲ್ಲಿ ಒಂದಕ್ಕೊಂದು ಬೆಸೆದುಕೊಂಡುವೆಂದು ತೋರಿಸಿದ್ದಾರೆ. ಗ್ರಂಥ ಮೌಲಿಕವಾದದ್ದು, ನಮ್ಮ ವಿದ್ಯಾರ್ಥಿಗಳು ಓದಲೇಬೇಕಾದದ್ದು. ಆದರೆ ಈ ಎರಡು ವಲಯಗಳು ಅಷ್ಟು ಕಾಲ ಬೇರೆಯಾಗಿ ಉಳಿಯಲು ಶಾನುಭೋಗರ ದಫ್ತರವೂ ಒಂದು ಕಾರಣವೆಂದು ನಾವು ತಿಳಿಯುತ್ತೇವೆ. ಹಳ್ಳಿಯ ಲೆಕ್ಕ ಒಂದು ಮನೆತನದ ಪೆಟ್ಟಿಗೆಯಲ್ಲಿರುವವರೆಗೆ ರಾಜಧಾನಿಯ ಪಕ್ಷಗಳಿಗೆ ಅದರ ಬೀಗದ ಕೈ ಸಿಕ್ಕುವಂತಿರಲಿಲ್ಲ.

ಆ ಪೆಟ್ಟಿಗೆ ತೆರೆದದ್ದು ಮೈಸೂರು ಗ್ರಾಮ ಹುದ್ದೆಗಳ ರದ್ದಿಯಾತಿ ಕಾನೂನಿನಿಂದ. 1961ರಲ್ಲಿ ಅಂಗೀಕೃತವಾದ ಈ ಕಾನೂನು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದಿತು. ವಂಶದ ಹಕ್ಕು ಹೋಯಿತು. ಸಂಬಳ ಪಡೆಯುವ, ವರ್ಗವಾಗುವ ಗ್ರಾಮಲೆಕ್ಕಿಗರು ಬಂದರು. ಸಮತೆಯ ದೃಷ್ಟಿಯಿಂದ ಇದು ಮಿಲ್ಲರ್ ವರದಿಗಿಂತಲೂ ದೊಡ್ಡ ಹೆಜ್ಜೆಯೆಂದರೆ ಅತಿಶಯೋಕ್ತಿಯಾಗದು. ಅದರ ಬಗೆಗೆ ಪ್ರೌಢ ಪ್ರಬಂಧಗಳು ವಿರಳವಾಗಿರುವುದು ಆಶ್ಚರ್ಯದ ಸಂಗತಿ. ಊರಿನಲ್ಲಿ ಬೇರಿಲ್ಲದ ಗ್ರಾಮಲೆಕ್ಕಿಗನಿಗೆ ಊರಿನ ಹಗೆಯ ಹಂಗಿಲ್ಲ, ನೆಂಟರ ಹಂಗಿಲ್ಲ. ಆದರೆ ಬೇರಿಲ್ಲದ್ದನ್ನು ಕೀಳುವುದು ಸುಲಭ. ಮಕ್ಕಳ ಶಾಲೆ ತಿಪಟೂರಿನಲ್ಲಿ, ತಾನು ತಾಲ್ಲೂಕಿನ ಕೊನೆಯ ಹೋಬಳಿಯಲ್ಲಿ ಎಂಬ ಸಣ್ಣ ಕಷ್ಟವೇ ಅವನನ್ನು ಶಿಫಾರಸು ಪತ್ರ ಬರೆಯಬಲ್ಲವರ ಮನೆ ಬಾಗಿಲಿಗೆ ಕರೆದೊಯ್ಯುತ್ತದೆ. ಬಗ್ಗಿಸಲಾಗದ ಪಕ್ಷಪಾತದ ಸ್ಥಾನದಲ್ಲಿ ಬಗ್ಗಿಸಬಹುದಾದ ನಿಷ್ಪಕ್ಷಪಾತ ಬಂದಿತು.

ಕಾನೂನಿನ ರಚನೆಯಲ್ಲಿಯೇ ಇದಕ್ಕೆ ಎಡೆಯಿದೆ. ಸಂವಿಧಾನದ 311ನೆಯ ಅನುಚ್ಛೇದ ಸರ್ಕಾರಿ ನೌಕರನನ್ನು ವಿಚಾರಣೆಯಿಲ್ಲದೆ ವಜಾ ಮಾಡದಂತೆ, ಹುದ್ದೆಯಿಂದ ತೆಗೆಯದಂತೆ, ದರ್ಜೆ ಇಳಿಸದಂತೆ ರಕ್ಷಿಸುತ್ತದೆ. ವರ್ಗಾವಣೆ ಆ ಪಟ್ಟಿಯಲ್ಲಿಲ್ಲ. ಸೇವಾ ನಿಯಮಗಳ ಪ್ರಕಾರ ವರ್ಗಾವಣೆ ಶಿಕ್ಷೆಯಲ್ಲ, ನೌಕರಿಯ ಸಹಜ ಧರ್ಮ. ಆದ್ದರಿಂದ ಕಾರಣ ಹೇಳಬೇಕಾಗಿಲ್ಲ, ಆಪಾದನೆ ಹೊರಿಸಬೇಕಾಗಿಲ್ಲ. ಮುಖ್ಯದ್ವಾರಕ್ಕೆ ಕಬ್ಬಿಣದ ಕದವಿಟ್ಟು ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತೆ ಇದಾಗಿದೆ.

ಸರ್ದಾರ್ ಪಟೇಲರು 1949ರ ಅಕ್ಟೋಬರ್ 10ರಂದು ಸಂವಿಧಾನ ಸಭೆಯಲ್ಲಿ, ಮನಸ್ಸಿನಲ್ಲಿದ್ದುದನ್ನು ಮಂತ್ರಿಯ ಎದುರಿಗೆ ಹೇಳುವ ಸ್ವಾತಂತ್ರ್ಯವುಳ್ಳ ಅಖಿಲ ಭಾರತ ಸೇವೆಯಿಲ್ಲದೆ ಒಕ್ಕೂಟ ಉಳಿಯಲಾರದೆಂದು ವಾದಿಸಿದರು. ಅವರ ಕಣ್ಣ ಮುಂದಿದ್ದುದು ಮೇಲಿನ ಸೇವೆ. ಅದಾದರೂ ಎಷ್ಟು ಗಟ್ಟಿಯೆಂಬುದು 1975ರಿಂದ 77ರವರೆಗಿನ ತುರ್ತುಪರಿಸ್ಥಿತಿಯಲ್ಲಿ ಗೊತ್ತಾಯಿತು. ಷಾ ಆಯೋಗದ 1978ರ ವರದಿಗಳನ್ನು ಓದಿದವರಿಗೆ ಇಲ್ಲಿ ವಿವರಣೆ ಬೇಡ. ಇದಕ್ಕೂ ಮೊದಲೇ ದೇಶದ ಆಡಳಿತ ಸುಧಾರಣೆಯ ವಿಚಾರ ಒಬ್ಬ ಕನ್ನಡಿಗರ ಕೈಗೆ ಬಂದಿತ್ತು. ವಿಧಾನಸೌಧವನ್ನು ಕಟ್ಟಿಸಿ, ಸರ್ಕಾರದ ಕೆಲಸ ದೇವರ ಕೆಲಸವೆಂಬ ಬರಹವನ್ನು ಅದರ ನೆತ್ತಿಗೆ ಏರಿಸಿದ ಕೆಂಗಲ್ ಹನುಮಂತಯ್ಯನವರು 1967ರಿಂದ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾಗಿದ್ದರು. ನೌಕರವರ್ಗದ ಆಡಳಿತವನ್ನು ಕುರಿತ 1969ರ ವರದಿಯಲ್ಲಿ ಹೆಚ್ಚು ಚರ್ಚೆಗೆ ಒಳಗಾದುದು, ಒಂದೊಂದು ಕಾರ್ಯಕ್ಷೇತ್ರದಲ್ಲಿಯೂ ಪರಿಣತರನ್ನು ಬೆಳೆಸಬೇಕು, ಮೇಲಿನ ಸ್ಥಾನಗಳನ್ನು ಐ.ಎ.ಎಸ್. ಅಲ್ಲದವರಿಗೂ ತೆರೆಯಬೇಕು ಎಂಬ ಸಲಹೆ. ಮತ್ತೆ ಪ್ರವೇಶದ ಪ್ರಶ್ನೆಯೇ! ಮುಖ್ಯಮಂತ್ರಿಯಾಗಿ ವರ್ಗಾವಣೆಯ ಅರ್ಜಿಗಳ ರಾಶಿಯನ್ನು ಕಂಡವರು ಆ ವಿಷಯವನ್ನೇ ಮುಖ್ಯ ಮಾಡಿದ್ದರೆ ಎಂದು ನಮಗೆ ಅನಿಸುವುದುಂಟು.

ಪ್ರವೇಶದ ಬಾಗಿಲಿಗೂ ರಾಜಕೀಯ ಬಾರದಿಲ್ಲ. ಕರ್ನಾಟಕ ಲೋಕಸೇವಾ ಆಯೋಗ 2011ರ ಸಾಲಿನಲ್ಲಿ ಆರಿಸಿದ 362 ಗೆಜೆಟೆಡ್ ಪ್ರೊಬೇಷನರುಗಳ ಪ್ರಕರಣ ಎಲ್ಲರಿಗೂ ತಿಳಿದದ್ದು. ಅಕ್ರಮದ ಆರೋಪದ ಮೇಲೆ ತನಿಖೆ ನಡೆದು, 2014ರಲ್ಲಿ ಸರ್ಕಾರವೇ ಪಟ್ಟಿಯನ್ನು ಹಿಂತೆಗೆದುಕೊಂಡಿತು. 2018ರಲ್ಲಿ ಉಚ್ಚ ನ್ಯಾಯಾಲಯ ನೇಮಕಕ್ಕೆ ಒಪ್ಪಲಿಲ್ಲ. 2022ರಲ್ಲಿ ಶಾಸನಸಭೆ ಆ ಆಯ್ಕೆಯನ್ನು ಸಿಂಧುಗೊಳಿಸುವ ಕಾನೂನು ಮಾಡಿತು. ಇದರಲ್ಲಿ ಯಾರು ಸರಿ, ಯಾರು ತಪ್ಪು ಎಂಬುದರ ತೀರ್ಮಾನ ನಮ್ಮದಲ್ಲ. ಆದರೆ ಒಂದನ್ನು ಗಮನಿಸಬೇಕು. ಇಲ್ಲಿ ಎಲ್ಲವೂ ಕಾಗದದ ಮೇಲಿದೆ: ಪಟ್ಟಿಯಿದೆ, ಆದೇಶವಿದೆ, ತೀರ್ಪಿದೆ, ಕಾನೂನಿದೆ. ಮುಂದಿನ ಇತಿಹಾಸಕಾರ ಓದಿ ವಾದಿಸಬಹುದು. ಬಾಯಿಮಾತಿನ ಶಿಫಾರಸಿನ ಮೇಲೆ ಒಂದು ಹೋಬಳಿಯಿಂದ ಇನ್ನೊಂದಕ್ಕೆ ಹೋದ ಗ್ರಾಮಲೆಕ್ಕಿಗನ ವಿಷಯದಲ್ಲಿ ಓದಲು ಏನೂ ಉಳಿಯುವುದಿಲ್ಲ.

ರಾಜಕೀಯದ ಪ್ರವೇಶವನ್ನು ಕೇಡೆಂದೇ ಎಣಿಸುವವರಿಗೆ ಒಂದು ಎದುರು ನಿದರ್ಶನವಿದೆ. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ, ಗೇಣಿಯ ತಕರಾರುಗಳನ್ನು ಭೂನ್ಯಾಯಮಂಡಳಿಗಳಿಗೆ ಒಪ್ಪಿಸಿತು. ಅಸಿಸ್ಟೆಂಟ್ ಕಮಿಷನರರ ಅಧ್ಯಕ್ಷತೆಯ ಆ ಮಂಡಳಿಗಳಲ್ಲಿ ಸರ್ಕಾರ ನಾಮಕರಣ ಮಾಡಿದ ಸಾರ್ವಜನಿಕರು ಕುಳಿತರು. ಇದು ನಿಸ್ಸಂದೇಹವಾಗಿ ರಾಜಕೀಯದ ಪ್ರಭಾವವೇ. ಆದರೆ ದಾಖಲೆಯಲ್ಲಿ ಹೆಸರಿಲ್ಲದ ಗೇಣಿದಾರನ ಮಾತನ್ನು ಕೇಳುವವರು ಅಲ್ಲಿ ಸಿಕ್ಕರು. ದಾಖಲೆಯೊಂದನ್ನೇ ನೋಡುವ ನಿಷ್ಪಕ್ಷಪಾತಿಯಾದ ಅಧಿಕಾರಿ, ದಾಖಲೆ ಬರೆದವನ ಪಕ್ಷಪಾತವನ್ನು ಅರಿಯದೆಯೇ ಕಾಯಂ ಮಾಡುತ್ತಿದ್ದನು. ಇಲ್ಲಿ ರಾಜಕೀಯ ಬಹಿರಂಗವಾಗಿ, ಹೆಸರು ಹೇಳಿಕೊಂಡು, ಒಂದು ನೀತಿಗಾಗಿ ಬಂದಿತು. ಕಾನೂನಿನ ಮೂಲಕ ಬರುವ ಇಂತಹ ಪ್ರಭಾವ ಪ್ರಜಾಪ್ರಭುತ್ವದ ಹಕ್ಕು.

ಬಗರ್‌ಹುಕುಂ ಸಮಿತಿಗಳ ವಿಷಯದಲ್ಲಿ ಅಷ್ಟು ಧೈರ್ಯವಾಗಿ ಹೇಳಲಾಗದು. ಭೂಕಂದಾಯ ಕಾನೂನಿಗೆ 1991ರಲ್ಲಿ ಸೇರಿಸಿದ 94-ಎ ಕಲಮಿನಂತೆ, ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯನ್ನು ಸಕ್ರಮಗೊಳಿಸುವ ಸಮಿತಿ ತಾಲ್ಲೂಕಿನಲ್ಲಿರುತ್ತದೆ. ಶಾಸಕರು ಅಧ್ಯಕ್ಷರು, ತಹಸೀಲ್ದಾರರು ಕಾರ್ಯದರ್ಶಿ. ಅರ್ಜಿದಾರನು ನಿಜವಾಗಿ ಸಾಗುವಳಿ ಮಾಡುತ್ತಿದ್ದನೇ, ಜಮೀನು ಗೋಮಾಳವೇ ಎಂಬುದನ್ನು ನಿರ್ಭಯವಾಗಿ ಬರೆಯಬೇಕಾದವರು ಕಾರ್ಯದರ್ಶಿ. ಆ ಕಾರ್ಯದರ್ಶಿ ತಾಲ್ಲೂಕಿಗೆ ಬರುವುದಕ್ಕೆ, ಬಂದು ಉಳಿಯುವುದಕ್ಕೆ ಅಧ್ಯಕ್ಷರ ಶಿಫಾರಸು ಬೇಕಾಗುವುದಾದರೆ, ಸಮಿತಿಯಲ್ಲಿ ಎರಡು ಕುರ್ಚಿಗಳಿದ್ದರೂ ಅಭಿಪ್ರಾಯ ಒಂದೇ ಆಗುತ್ತದೆ. ಸಮಿತಿಯಲ್ಲಿ ಶಾಸಕರಿರುವುದನ್ನು ನಾವು ಆಕ್ಷೇಪಿಸುವುದಿಲ್ಲ. ವರ್ಗಾವಣೆಯ ಸೂತ್ರವೂ ಅದೇ ಕೈಯಲ್ಲಿರುವುದನ್ನು ಆಕ್ಷೇಪಿಸುತ್ತೇವೆ.

ಪರಿಹಾರದ ಯತ್ನಗಳು ನಡೆದಿಲ್ಲವೆಂದಲ್ಲ. ಟಿ. ಎಸ್. ಆರ್. ಸುಬ್ರಮಣಿಯನ್ ಮೊದಲಾದ ನಿವೃತ್ತ ಅಧಿಕಾರಿಗಳ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ 2013ರ ಅಕ್ಟೋಬರ್ 31ರಂದು, ಸಿವಿಲ್ ಸೇವಾ ಮಂಡಳಿಗಳು ಇರಬೇಕು, ಹುದ್ದೆಯಲ್ಲಿ ಕನಿಷ್ಠ ಅವಧಿ ಇರಬೇಕು, ಬಾಯಿಮಾತಿನ ಆದೇಶಗಳನ್ನು ಬರಹಕ್ಕೆ ಇಳಿಸಬೇಕು ಎಂದು ಹೇಳಿತು. 2014ರ ತಿದ್ದುಪಡಿಯಂತೆ ಐ.ಎ.ಎಸ್. ಅಧಿಕಾರಿಗೆ ಒಂದು ಹುದ್ದೆಯಲ್ಲಿ ಸಾಮಾನ್ಯವಾಗಿ ಎರಡು ವರ್ಷದ ಅವಧಿ ದೊರೆಯಬೇಕು. ರಾಜ್ಯದ ನೌಕರರಿಗೆ 2013ರ ಜೂನ್ 7ರ ಸರ್ಕಾರಿ ಆದೇಶವಿದೆ. ಅದೂ ಕನಿಷ್ಠ ಅವಧಿಯನ್ನು ಹೇಳುತ್ತದೆ. ಆದರೆ ಮುಖ್ಯಮಂತ್ರಿಗಳ ಅನುಮೋದನೆ ಪಡೆದು ಅವಧಿಗೆ ಮುನ್ನವೇ ವರ್ಗ ಮಾಡಲು ಅವಕಾಶ ಕೊಡುತ್ತದೆ. ವಿನಾಯಿತಿಯೇ ಅಭ್ಯಾಸವಾದರೆ ನಿಯಮ ಮುನ್ನುಡಿಯಾಗಿ ಉಳಿಯುತ್ತದೆ.

ಇದಕ್ಕಿಂತ ಫಲಕಾರಿಯಾದದ್ದು ನಮ್ಮ ಅಧ್ಯಾಪಕ ವೃತ್ತಿಯಲ್ಲಿಯೇ ಇದೆ. ಶಾಲಾ ಶಿಕ್ಷಕರ ವರ್ಗಾವಣೆಯನ್ನು ನಿಯಂತ್ರಿಸುವ ಕಾನೂನನ್ನು ಕರ್ನಾಟಕ 2007ರಲ್ಲಿ ಮಾಡಿತು. 2020ರಲ್ಲಿ ಅದರ ಸ್ಥಾನಕ್ಕೆ ಹೊಸ ಕಾನೂನು ಬಂದಿತು. ಖಾಲಿ ಹುದ್ದೆಗಳನ್ನು ಮೊದಲೇ ಪ್ರಕಟಿಸಿ, ಆದ್ಯತೆಯ ಪಟ್ಟಿ ಮಾಡಿ, ಎಲ್ಲರ ಎದುರಿಗೆ ಕೌನ್ಸೆಲಿಂಗ್‌ನಲ್ಲಿ ಸ್ಥಳ ಆರಿಸಿಕೊಳ್ಳುವ ವಿಧಾನವದು. ಅದರಲ್ಲಿ ತೊಡಕುಗಳಿವೆ, ಮುಂದೂಡಿಕೆಗಳಿವೆ, ಗೊಣಗಾಟವೂ ಇದೆ. ಆದರೂ ತನಗಿಂತ ಮುಂದೆ ಇರುವವರು ಯಾರು, ಏಕೆ ಎಂಬುದನ್ನು ಪ್ರತಿಯೊಬ್ಬ ಶಿಕ್ಷಕನೂ ಓದಿ ತಿಳಿಯಬಲ್ಲ. ಶಿಕ್ಷಕರ ಸದ್ಗುಣ ಒಮ್ಮೆಲೇ ಹೆಚ್ಚಿದ್ದರಿಂದ ಆದುದಲ್ಲ ಇದು. ಪತ್ರ ಬರೆಯುವವರ ಕೈಗೆ ಹಿಡಿ ಸಿಗದಂತಾದುದರಿಂದ ಆಯಿತು.

ಶಾಸಕರ ಪರವಾಗಿ ಹೇಳಬಹುದಾದ ಮಾತು ಒಂದಿದೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. ತಹಸೀಲ್ದಾರರ ಕಚೇರಿಗೆ ಆರು ಸಲ ಅಲೆದು ಸೋತ ರೈತನಿಗೆ ಏಳನೆಯ ಸಲ ನೆನಪಾಗುವುದು ಶಾಸಕರ ಮನೆ. ದುರಹಂಕಾರದ ಅಧಿಕಾರಿಯನ್ನು ಊರು ಬಿಡಿಸುವುದಕ್ಕೆ ಅವನಿಗಿರುವ ದಾರಿ ಅದೊಂದೇ. ವಂಶದ ಶಾನುಭೋಗರ ಕಾಲದಲ್ಲಿ ಆ ದಾರಿಯೂ ಇರಲಿಲ್ಲ. ಈ ವಾದದಲ್ಲಿ ಸತ್ಯವಿದೆ. ಆದರೆ ದುಷ್ಟನನ್ನು ಓಡಿಸುವ ಪತ್ರಕ್ಕೂ ಶಿಷ್ಟನನ್ನು ಓಡಿಸುವ ಪತ್ರಕ್ಕೂ ಭಾಷೆ ಒಂದೇ, ಲಕೋಟೆ ಒಂದೇ. ಕಾರಣ ಬರೆಯಬೇಕಾದ ಕಟ್ಟುಪಾಡಿಲ್ಲದಿರುವವರೆಗೆ ಇವೆರಡನ್ನು ಬೇರ್ಪಡಿಸುವ ಉಪಾಯ ಯಾರಿಗೂ ಇಲ್ಲ, ಶಾಸಕರಿಗೂ ಇಲ್ಲ.

ಈ ವಿಚಾರ ತೆಂಗಿನ ಸೀಮೆಯಲ್ಲಿ ಎಷ್ಟು ಹತ್ತಿರದ್ದೆಂಬುದಕ್ಕೆ ಉಂಡೆ ಕೊಬ್ಬರಿಯ ಖರೀದಿಯೇ ಸಾಕ್ಷಿ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 12,000 ರೂಪಾಯಿಗಳ ಬೆಂಬಲ ಬೆಲೆ ನಿಗದಿ ಮಾಡಿತ್ತು. ನಾಫೆಡ್ ಮೂಲಕ ಖರೀದಿ. ಪೇಟೆಯ ಬೆಲೆ ಅದಕ್ಕಿಂತ ಕೆಳಗಿದ್ದಾಗ, ಅಟ್ಟದಲ್ಲಿ ವರ್ಷದುದ್ದಕ್ಕೂ ಕಾಯಿ ಒಣಗಿಸಿದವನಿಗೆ ನೋಂದಣಿ ಸಿಕ್ಕಿತೋ ಇಲ್ಲವೋ ಎಂಬುದರ ಮೇಲೆ ಆ ವರ್ಷದ ಬಾಳು ನಿಂತಿತ್ತು. ಮೊದಲ ಸಲದ ನೋಂದಣಿಯನ್ನು ರದ್ದುಪಡಿಸಿ, ರೈತರ ಬೆರಳಚ್ಚು ಪಡೆದು ಮತ್ತೆ ನೋಂದಾಯಿಸಬೇಕಾಯಿತು. ತೆಂಗಿದೆಯೆಂದು ತೋರಿಸುವುದಕ್ಕೆ ಪಹಣಿ ಬೇಕು. ಪಹಣಿಯ ಬೆಳೆಯ ಅಂಕಣಕ್ಕೆ ಹೊಣೆ ಕಂದಾಯದ ಗ್ರಾಮಾಧಿಕಾರಿ. ಶಾನುಭೋಗ, ಗ್ರಾಮಲೆಕ್ಕಿಗ, ಗ್ರಾಮ ಆಡಳಿತಾಧಿಕಾರಿ ಎಂದು ಹೆಸರು ಬದಲಾಗಿದೆ; ಅಂಕಣ ಹಾಗೆಯೇ ಇದೆ.

ಹಳೆಯ ಪಹಣಿ ಪುಸ್ತಕದಲ್ಲಿ ಶಾನುಭೋಗರ ಕೈಬರಹವನ್ನು ಊರಿನ ಮುದುಕರು ಗುರುತು ಹಿಡಿಯುತ್ತಿದ್ದರು. ತಿದ್ದಿದ್ದರೆ ತಿದ್ದಿದವರು ಯಾರೆಂದೂ ಹೇಳುತ್ತಿದ್ದರು. 2001ರ ಸುಮಾರಿಗೆ ರಾಜ್ಯದಾದ್ಯಂತ ನೆಲೆಗೊಂಡ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಸೇರಿಸಿತು. ಅಲ್ಲಿ ಕೈಬರಹವಿಲ್ಲ. ಅದರ ಬದಲು, ತಿದ್ದುಪಡಿಗೆ ಒಪ್ಪಿಗೆ ಕೊಟ್ಟ ನೌಕರನ ಬೆರಳಚ್ಚು, ದಿನಾಂಕ, ವೇಳೆ ಎಲ್ಲವೂ ಯಂತ್ರದಲ್ಲಿ ದಾಖಲಾಗುತ್ತವೆ. ಆ ನೌಕರನು ಆ ದಿನ ಆ ಮೇಜಿನ ಮುಂದೆ ಕುಳಿತುಕೊಳ್ಳುವುದಕ್ಕೆ ಯಾರ ಪತ್ರ ಕಾರಣವಾಗಿತ್ತೆಂಬುದಕ್ಕೆ ಅದರಲ್ಲಿ ಅಂಕಣವಿಲ್ಲ.